ಜಾಗ ಒಂದೆಕರೆ, ನೋಡಿಕೊಳ್ಳಲು ಉಮ್ಮ ಒಬ್ಬರೇ

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅರ್ಧ ಎಕರೆ, ಒಂದು ಎಕರೆ ಜಾಗದ ನಡುವೆ ಮನೆ ಇರುವುದು ಹೊಸ ಸಂಗತಿಯಲ್ಲ. ಆದರೆ ಆ ಜಾಗವನ್ನು ನೋಡಿಕೊಳ್ಳುವವರು ಈಗ ಮನೆಯಲ್ಲಿ ಇಲ್ಲ. ಗಂಡುಮಕ್ಕಳು ದುಬೈ, ದಮ್ಮಾಮ್, ಬೆಂಗಳೂರಿನಲ್ಲಿ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿನಲ್ಲಿ. ಉಳಿದಿರುವುದು ಅರುವತ್ತು ದಾಟಿದ ಉಮ್ಮ. ಕೂಲಿಗೆ ಜನ ಸಿಗುವುದಿಲ್ಲ, ಸಿಕ್ಕಿದರೂ ಹೇಳಿದ ದಿನ ಬರುವುದಿಲ್ಲ.

ಇಂಥ ಮನೆಗೆ ರಜೆಯಲ್ಲಿ ಬಂದ ಮಗ ಉತ್ಸಾಹದಿಂದ ಅಂಗಳಕ್ಕೆ ಲಾನ್ ಹಾಸುತ್ತಾನೆ, ನರ್ಸರಿಯಿಂದ ಐವತ್ತು ಚಟ್ಟಿ ಗಿಡ ತರುತ್ತಾನೆ. ಫೋಟೋ ಚೆನ್ನಾಗಿ ಬರುತ್ತದೆ. ಅವನು ವಿಮಾನ ಹತ್ತಿದ ಮೇಲೆ ಎಪ್ರಿಲ್ ಬಿಸಿಲಿನಲ್ಲಿ ಪೈಪ್ ಎಳೆಯುವವರು ಯಾರು? ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯುವವರು ಯಾರು? ಆ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಸುಲಭವಲ್ಲ. ಹಾಗಾಗಿ ಯೋಜನೆ ಮಾಡುವಾಗ ಸೆಂಟ್ಸ್ ಲೆಕ್ಕ ಹಾಕುವ ಮೊದಲು ಮನೆಯಲ್ಲಿ ಎಷ್ಟು ಕೈಗಳಿವೆ ಎಂದು ಲೆಕ್ಕ ಹಾಕಬೇಕು.

ಇದಕ್ಕೆ ಜಾಗವನ್ನು ಮೂರು ಭಾಗ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ಅಡುಗೆಮನೆಯ ಹತ್ತಿರದ ಭಾಗ. ಇದು ನಾಲ್ಕೈದು ಸೆಂಟ್ಸ್ ಇದ್ದರೆ ಸಾಕು. ದಿನಾ ಕೈ ಹಾಕುವ ಗಿಡಗಳು ಇಲ್ಲಿರಲಿ: ಕರಿಬೇವು, ಬಸಳೆ, ತೊಂಡೆ, ಹಸಿಮೆಣಸು, ಪುದೀನ, ಹಬ್ಬಕ್ಕೆ ಬೇಕಾಗುವ ಮದರಂಗಿ. ನುಗ್ಗೆಗೆ ಬುಡದಲ್ಲಿ ನೀರು ನಿಂತರೆ ಆಗದು, ಸ್ವಲ್ಪ ಎತ್ತರದ ಜಾಗ ಕೊಡಿ. ಹೂವು ಬೇಕಾದರೆ ದಾಸವಾಳ, ಕೇಪಳ ನೆಡಿ. ನಮ್ಮ ಮಳೆಯನ್ನೂ ಬಿಸಿಲನ್ನೂ ಎರಡನ್ನೂ ತಡೆದುಕೊಳ್ಳುವ ಗಿಡಗಳಿವು. ಪಾತ್ರೆ ತೊಳೆದ ನೀರು ಬಸಳೆ ಬುಡಕ್ಕೆ ಹೋಗುವಂತೆ ಮಾಡಿದರೆ ಪೈಪ್ ಹಿಡಿಯುವ ಕೆಲಸ ಅರ್ಧ ಮುಗಿಯಿತು.

ಎರಡನೆಯದು ಹಣ್ಣಿನ ಭಾಗ. ಹಲಸು, ಮಾವು, ಜೀಗುಜ್ಜೆ, ಪೇರಳೆ, ಚಿಕ್ಕು, ಪುನರ್ಪುಳಿ ಇಲ್ಲಿಗೆ ಸರಿ. ಆದಷ್ಟು ಕಸಿ ಗಿಡ ತನ್ನಿ. ಕಸಿ ಹಲಸು, ಮಾವು ಬೇಗ ಫಲ ಕೊಡುತ್ತವೆ, ಹೆಚ್ಚು ಎತ್ತರಕ್ಕೂ ಹೋಗುವುದಿಲ್ಲ. ಪುನರ್ಪುಳಿಯಲ್ಲಂತೂ ಗಂಡು, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಗಿಡ ಹತ್ತು ವರ್ಷ ಸಾಕಿದ ಮೇಲೆ ಗಂಡು ಎಂದು ಗೊತ್ತಾದರೆ ಒಂದು ಹಣ್ಣೂ ಸಿಗದು. ದೊಡ್ಡ ಮರಗಳ ನಡುವೆ 30 ಅಡಿ ಅಂತರ ಬೇಕು. ಮನೆ, ಬಾವಿ, ಶೌಚಗುಂಡಿಯಿಂದಲೂ ಅಷ್ಟೇ ದೂರ ಇರಲಿ. ತೆಂಗು ಹತ್ತುವವರು ಸಿಗದ ಈ ಕಾಲದಲ್ಲಿ ಮಾಡಿನ ಪಕ್ಕ ತೆಂಗು ನೆಡುವುದು ಅಪಾಯವನ್ನು ಕರೆದಂತೆ.

ಮೂರನೆಯದು ಗಡಿ ಮತ್ತು ಗುಡ್ಡದ ಬದಿ. ಇಲ್ಲಿ ನಾವು ಕಡಿಮೆ ಕೆಲಸ ಮಾಡಿದಷ್ಟೂ ಒಳ್ಳೆಯದು. ಮುರಕಲ್ಲಿನ ಒಣ ನೆಲಕ್ಕೆ ಗೇರು ಹೇಳಿಸಿದ ಬೆಳೆ. ತಾನಾಗಿ ಎದ್ದ ಹೆಬ್ಬಲಸು, ನೇರಳೆ ಮರಗಳನ್ನು ಕಡಿಯಬೇಡಿ. ಬೇಲಿಗೆ ಗ್ಲಿರಿಸೀಡಿಯಾ ಗೂಟ ಊರಿದರೆ ಚಿಗುರಿಕೊಳ್ಳುತ್ತದೆ, ಸೊಪ್ಪು ಗೊಬ್ಬರವಾಗುತ್ತದೆ. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಿಷನಿನಲ್ಲಿ ಹುಲ್ಲು ತೆಗೆಸಿದರೆ ಸಾಕು. ಆದರೆ ಮನೆಯ ಸುತ್ತ 15-20 ಅಡಿಯಲ್ಲಿ ಮಾತ್ರ ಹುಲ್ಲು ಎದ್ದೇಳಲು ಬಿಡಬೇಡಿ, ಹಾವಿನ ಭಯ ಇದೆ. ಬಾವಿ ಹತ್ತಿರ ಕಳೆನಾಶಕ ಹೊಡೆಸುವುದು ಬೇಡವೇ ಬೇಡ.

ಇನ್ನು ನೀರಿನ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಮಳೆ ಬೀಳುತ್ತದೆ. ಅಂದರೆ ಒಂದು ಸಾವಿರ ಚದರಡಿಯ ತಾರಸಿಯ ಮೇಲೆಯೇ 3 ಲಕ್ಷ ಲೀಟರ್‌ಗಿಂತ ಹೆಚ್ಚು ನೀರು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ತೋಡು ಸೇರುತ್ತದೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿದರೆ ನೆಲಕ್ಕೆ ಇಂಗುವುದೂ ಕಡಿಮೆ, ಬೇಸಗೆಯಲ್ಲಿ ಮನೆಯ ಸುತ್ತ ಬಿಸಿಯೂ ಜಾಸ್ತಿ. ನಡೆಯುವ ದಾರಿಗೆ, ಕಾರು ನಿಲ್ಲುವ ಕಡೆಗೆ ಮಾತ್ರ ಹಾಕಿ, ಅದೂ ಜಾರದಂಥದ್ದು. ಸಮತಟ್ಟಾದ ಕಡೆ ಇಂಗುಗುಂಡಿ ಮಾಡಿಸಬಹುದು. ಮನೆಯ ಹಿಂದೆ ಗುಡ್ಡ ಕಡಿದ ಬರೆ ಇದ್ದರೆ ಅದರ ಮೇಲ್ಭಾಗದಲ್ಲಿ ಮಾತ್ರ ಗುಂಡಿ ತೋಡಬೇಡಿ, ಮಣ್ಣು ಕುಸಿಯುವ ಅಪಾಯವಿದೆ.

ಹಣ್ಣಿನ ಗಿಡಗಳನ್ನು ಮೊದಲ ಮಳೆ ಹಿಡಿದ ಮೇಲೆ ನೆಡಿ. ಮೊದಲ ಎರಡು ಮೂರು ಬೇಸಗೆ ಮಾತ್ರ ವಾರಕ್ಕೆರಡು ಸಲ ಬುಡಕ್ಕೊಂದು ಕೊಡಪಾನದಷ್ಟು ನೀರು ಬೇಕು. ಹನಿ ನೀರಾವರಿ ಪೈಪ್ ಹಾಕಿದರೆ ಉಮ್ಮ ಗೇಟ್‌ವಾಲ್ ತಿರುಗಿಸಿದರೆ ಸಾಕು. ಬುಡಕ್ಕೆ ತೆಂಗಿನ ಸಿಪ್ಪೆ, ಸೋಗೆ, ತರಗೆಲೆ ಮುಚ್ಚಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತೀತು. ಸಿಪ್ಪೆಯನ್ನು ಕವುಚಿ ಹಾಕಿ. ಮಲಗಿದ ಸಿಪ್ಪೆ, ಗೆರಟೆ, ಅಡಿಕೆ ಹಾಳೆ, ಚಟ್ಟಿಯ ತಟ್ಟೆಯಲ್ಲಿ ನಿಂತ ನೀರಿನಲ್ಲಿಯೇ ಡೆಂಗಿ ಸೊಳ್ಳೆ ಹುಟ್ಟುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೆಲ್ಲಲೇಬೇಕು.

ಸಲಹೆಗೆ ಎಲ್ಲೋ ಹುಡುಕಬೇಕಾಗಿಲ್ಲ. ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಗೇರಿಗೆ ಪುತ್ತೂರಿನಲ್ಲಿ ಸಂಶೋಧನಾ ನಿರ್ದೇಶನಾಲಯವಿದೆ, ತೆಂಗಿಗೆ ಕಾಸರಗೋಡಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ತಾಲೂಕಿನ ತೋಟಗಾರಿಕಾ ಇಲಾಖೆಯಲ್ಲಿಯೂ ವಿಚಾರಿಸಬಹುದು.

ಈ ಸಲ ರಜೆಗೆ ಬರುವ ಮಕ್ಕಳಲ್ಲಿ ಒಂದು ವಿನಂತಿ. ನರ್ಸರಿಗೆ ಗಾಡಿ ತಿರುಗಿಸುವ ಮೊದಲು ಉಮ್ಮನೊಟ್ಟಿಗೆ ಜಾಗಕ್ಕೊಂದು ಸುತ್ತು ಬನ್ನಿ. ಅವರು ನಡೆಯುವಷ್ಟು ದೂರಕ್ಕೆ ಒಂದು ಗೂಟ ಊರಿ. ದಿನಾ ನೋಡಬೇಕಾದ ಗಿಡಗಳೆಲ್ಲ ಆ ಗೂಟದ ಒಳಗೇ ಇರಲಿ, ಆಚೆಗೆ ಮರಗಳು ತಮ್ಮಷ್ಟಕ್ಕೆ ಬೆಳೆಯಲಿ.