ಸೈಕಲ್‌ನವರು ಹುಡುಕುವ ದಾರಿ, ನಾವು ಮುಚ್ಚುವ ದಾರಿ

ತಿಪಟೂರು: ಲಕ್ಷ ರೂಪಾಯಿ ಬಾಳುವ ಸೈಕಲ್ಲು ಏರಿ, ನುಣ್ಣನೆಯ ಟಾರು ರಸ್ತೆ ಬಿಟ್ಟು, ಬೇಕೂಂತಲೇ ಕಲ್ಲು ಮಣ್ಣಿನ ದಾರಿ ಹುಡುಕಿಕೊಂಡು ಹೋಗುವವರೂ ಲೋಕದಲ್ಲಿ ಇದ್ದಾರೆ ಅಂದರೆ ನಮ್ಮ ಹಳ್ಳಿ ಯಜಮಾನರು ನಗ್ತಾರೆ. ನಗಲಿ. ಆದರೆ ಈ ಹುಚ್ಚಿಗೆ ಈಗ ಒಂದು ಹೆಸರಿದೆ, ಪಂದ್ಯವಿದೆ, ಪದಕವೂ ಇದೆ. ಹೆಸರು ಗ್ರಾವೆಲ್ ಬೈಕಿಂಗ್.

ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಇಂಥ ಒಂದು ಪಂದ್ಯ ಶುರುವಾಯಿತು. 200 ಮೈಲಿ, ಅಂದರೆ 320 ಕಿ.ಮೀ. ದಾರಿ, ಬಹುಪಾಲು ಜಲ್ಲಿ ಮಣ್ಣು. ಸುತ್ತ ಹುಲ್ಲುಗಾವಲು, ದನ ಸಾಕುವವರ ಸೀಮೆ. ಇವತ್ತು ಅಲ್ಲಿಗೆ ದೇಶ ವಿದೇಶದ ಸವಾರರು ಬರುತ್ತಾರೆ. 2022ರಲ್ಲಿ ಇಟಲಿಯಲ್ಲಿ ಈ ಆಟದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು.

ಅದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಇದೆ ಸ್ವಾಮಿ. ಅವರು ಹುಡುಕುವ ದಾರಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಊರಿಗೆ ನಾಲ್ಕು ಇವೆ. ‘ಗ್ರಾವಲ್’ ಅನ್ನೋ ಮಾತೂ ನಮಗೆ ಹೊಸದಲ್ಲ. ‘ನಮ್ಮ ತೋಟದ ದಾರಿಗೆ ಗ್ರಾವಲ್ ಹೊಡೆಸಿಕೊಡಿ’ ಅಂತ ಪಂಚಾಯಿತಿ ಬಾಗಿಲಿಗೆ ಅಲೆಯುವುದು ನಮ್ಮ ರೈತನ ನಿತ್ಯದ ಪಾಡು. ಅವರ ಗ್ರಾವೆಲ್, ನಮ್ಮ ಗ್ರಾವಲ್ ಎರಡೂ ಒಂದೇ ಗರಸು ಮಣ್ಣು.

ಎರಡು ನದಿಗಳ ನಡುವಿನ ದಿಣ್ಣೆ

ಈ ಸೀಮೆಯ ನೆಲ ಸಪಾಟಲ್ಲ. ದಿಣ್ಣೆ ಹತ್ತಿದರೆ ಇಳಿಜಾರು, ಇಳಿದರೆ ಹಳ್ಳ, ಹಳ್ಳದ ಕೊನೆಗೆ ಕೆರೆ, ಕೆರೆ ಹಿಂದೆ ತೆಂಗು. ನೊಣವಿನಕೆರೆ, ತುರುವೇಕೆರೆ ಕಡೆ ಬಿದ್ದ ಮಳೆ ಶಿಂಷಾ ಸೇರಿ ಕಾವೇರಿಗೆ ಹೋಗುತ್ತದೆ. ಹುಳಿಯಾರು ಕಡೆ ಬಿದ್ದದ್ದು ಸುವರ್ಣಮುಖಿ ಹಳ್ಳ ಹಿಡಿದು, ಬೋರನಕಣಿವೆ ಕಟ್ಟೆ ದಾಟಿ, ವೇದಾವತಿ, ತುಂಗಭದ್ರೆಯ ಮೂಲಕ ಕೃಷ್ಣೆ ಸೇರುತ್ತದೆ. ತುರುವೇಕೆರೆಯಿಂದ ಹುಳಿಯಾರಿಗೆ ಹೋಗುವವನು ಒಂದೇ ದಿನದಲ್ಲಿ ಕಾವೇರಿ ಸೀಮೆಯಿಂದ ಕೃಷ್ಣಾ ಸೀಮೆಗೆ ದಾಟುತ್ತಾನೆ. ಬಸ್ಸಿನಲ್ಲಿ ಕೂತವನಿಗೆ ಇದು ತಿಳಿಯೋದಿಲ್ಲ. ಸೈಕಲ್ ತುಳಿಯುವವನ ತೊಡೆಗೆ ಚೆನ್ನಾಗಿ ತಿಳಿಯುತ್ತದೆ.

ಬೆಂಗಳೂರಿಂದ ಬರುವವರಿಗೆ ರೈಲುಂಟು. ಅರಸೀಕೆರೆ ಮಾರ್ಗದಲ್ಲಿ ಅಮ್ಮಸಂದ್ರ, ಬಾಣಸಂದ್ರ, ತಿಪಟೂರು ನಿಲ್ದಾಣಗಳಿವೆ. ಅಲ್ಲಿಂದ ಮುಂದಕ್ಕೆ ಎರಡು ದಿಕ್ಕು ಹೇಳಬಹುದು.

ಒಂದು, ಶಿಂಷಾ ಕಡೆಯದು. ತಿಪಟೂರಿಂದ ನೊಣವಿನಕೆರೆ, ವಿಘ್ನಸಂತೆ, ತುರುವೇಕೆರೆ, ಮಲ್ಲಾಘಟ್ಟದ ಕೆರೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 1286ರದ್ದು. ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ಚೆನ್ನಿಗರಾಯ, ಮೂಲೆಶಂಕರೇಶ್ವರ ಗುಡಿಗಳಿವೆ. ಕಿಬ್ಬನಹಳ್ಳಿ ಕ್ರಾಸ್ ಕಡೆಯಿಂದ ಬರುವವರು ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ತಲೆ ಎತ್ತಿ ಒಮ್ಮೆ ಛತ್ತು ನೋಡಬೇಕು, ಶಿವ ಅಲ್ಲಿ ಕುಣಿಯುತ್ತಿದ್ದಾನೆ. ಈ ಸೀಮೆಯಲ್ಲೇ ಹೇಮಾವತಿ ನಾಲೆಯೂ ಹಾದು ಹೋಗುತ್ತದೆ. ಗೊರೂರು ಅಣೆಕಟ್ಟೆಯ ನೀರು ಬಾಗೂರು–ನವಿಲೆ ಸುರಂಗ ದಾಟಿ ಬರುವ ನಾಲೆ ಇದು. ನಾಲೆ ಏರಿಯ ಮಣ್ಣು ದಾರಿ ಸವಾರರ ಆಸೆ ಕೆರಳಿಸುವಂಥದು. ಆದರೆ ತಡೆಗೋಡೆ ಇಲ್ಲದ ಕಡೆ ಒಂದು ಜಾರು ಸಾಕು, ಸೈಕಲ್ ಸಮೇತ ನೀರಿಗೆ. ನಾಲೆಯವರನ್ನು ಕೇಳದೆ ಏರಿ ಹತ್ತಬೇಡಿ.

ಇನ್ನೊಂದು, ಗುಡ್ಡದ ಕಡೆಯದು. ತಿಪಟೂರಿಂದ ಶೆಟ್ಟಿಕೆರೆ, ಚಿ.ನಾ.ಹಳ್ಳಿ, ಕಂದಿಕೆರೆ, ಹುಳಿಯಾರು, ಬೋರನಕಣಿವೆ. ಮದಲಿಂಗನ ಕಣಿವೆ ಇರುವುದೂ ಈ ಕಡೆಯೇ. ಮದಲಿಂಗನ ಕಥೆ ಕೇಳಬೇಕಾದರೆ ದಾರಿಯಲ್ಲಿ ಯಾವ ಅಜ್ಜಿಯನ್ನು ಕೇಳಿದರೂ ಆದೀತು. ಒಂದು ಕಾಲದಲ್ಲಿ ಈ ಗುಡ್ಡದ ದಾರಿಗಳಲ್ಲಿ ಅದಿರು ಲಾರಿಗಳ ದರ್ಬಾರು. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಧೂಳು ಅಡಗಿತು. ಬುಕ್ಕಾಪಟ್ಟಣದ ಕಾಡಿನ ಕಡೆ ಹೊರಳುವವರಿಗೆ ಒಂದು ಮಾತು: ಅದು ಚಿಂಕಾರ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ.

ಎಲ್ಲಿ ಹೋಯ್ತು ಬಂಡಿ ಜಾಡು?

ಇಷ್ಟೆಲ್ಲ ಹೇಳಿದ್ದು ಸೈಕಲ್‌ನವರ ಉಪಚಾರಕ್ಕಲ್ಲ. ಪೇಟೆಯವರು ದುಡ್ಡು ಕೊಟ್ಟು ಹುಡುಕುವ ದಾರಿಯನ್ನು ನಾವು ಪುಕ್ಕಟೆ ಮುಚ್ಚುತ್ತಿದ್ದೇವೆ ಅಂತ ಹೇಳೋಕೆ.

ಮುಚ್ಚುವುದು ಒಂದೇ ದಿನ ಅಲ್ಲ. ಮೊದಲ ವರ್ಷ ಟ್ರ್ಯಾಕ್ಟರ್ ಉಳುವಾಗ ಒಂದು ಸಾಲು ದಾರಿಗೆ ಬರುತ್ತದೆ. ಮರುವರ್ಷ ಇನ್ನೊಂದು ಸಾಲು. ಮೂರನೇ ವರ್ಷ ಅಂಚಿಗೆ ಒಂದು ತೆಂಗಿನ ಸಸಿ. ಸಸಿಗೆ ದನ ಬಾಯಿ ಹಾಕದಿರಲಿ ಅಂತ ಮುಳ್ಳು. ಆಮೇಲೆ ಕಲ್ಲುಕಂಬ, ತಂತಿ. ಬಂಡಿ ಹೋಗುತ್ತಿದ್ದ ಕಡೆ ಬೈಕು, ಬೈಕು ಹೋಗುತ್ತಿದ್ದ ಕಡೆ ಕಾಲ್ನಡಿಗೆ. ಕೊನೆಗೆ ಒಳಗಿನ ತೋಟದವನು ಕಾಯಿ ಚೀಲ ತಲೆ ಮೇಲೆ ಹೊತ್ತು ರಸ್ತೆಗೆ ಬರಬೇಕು. ಕಾಯಿ ಕೀಳೋರು, ಸುಲಿಯೋರು ‘ಗಾಡಿ ಬರಲ್ಲ ಅಂದ್ರೆ ನಾವೂ ಬರಲ್ಲ’ ಅಂತಾರೆ.

ಬೆಲೆ ಏರಿದಾಗ ಆಸೆಯೂ ಏರುತ್ತದೆ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 2024ಕ್ಕೆ 12,000, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತು. 2025ರ ನಡುವೆ ತಿಪಟೂರು ಮಾರುಕಟ್ಟೆಯಲ್ಲಿ ದರ 25 ಸಾವಿರ ದಾಟಿತು. ಅಂಥ ಕಾಲದಲ್ಲಿ ದಾರಿ ಅಂಚಿನ ಮೂರಡಿ ನೆಲವೂ ಕಣ್ಣು ಕುಕ್ಕುತ್ತದೆ. ಆದರೆ ಅದೇ ಕೊಬ್ಬರಿ ಮಾರುಕಟ್ಟೆಗೆ ಬರಬೇಕಾದರೆ ದಾರಿ ಬೇಕಲ್ಲ? ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ ಕಾಯ್ದವನು ದಾರಿ ಇಲ್ಲದೆ ಕೈಕಟ್ಟಿ ಕೂರಬೇಕೇ?

ಕಾನೂನು ಇಲ್ಲ ಅಂತಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸಾರ್ವಜನಿಕ ದಾರಿ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು. ಗ್ರಾಮ ನಕಾಶೆಯಲ್ಲಿ ದಾರಿ ಕಂಡಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಅಳತೆ ಮಾಡಿಸಿ, ಒತ್ತುವರಿ ತೆಗೆಸಲು ಕೇಳಬಹುದು. ನಕಾಶೆಯಲ್ಲಿ ಇಲ್ಲದ ರೂಢಿ ದಾರಿಯಾದರೆ ಕಷ್ಟ. ಯಾರ ತಡೆಯೂ ಇಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ 20 ವರ್ಷ ಓಡಾಡಿದ್ದೇವೆ ಅಂತ ತೋರಿಸಿ 1882ರ ಈಸ್‌ಮೆಂಟ್ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು. ಕೋರ್ಟು ಅಂದರೆ ಅಪ್ಪ ಹಾಕಿದ ದಾವೆ ಮಗ ನಡೆಸುವುದು! ನರೇಗಾದಡಿ ‘ನಮ್ಮ ಹೊಲ ನಮ್ಮ ದಾರಿ’ ಅಂತ ಗ್ರಾವಲ್ ಹೊಡೆಸಿದ್ದೂ ಉಂಟು. ಎರಡು ಕಡೆಯವರು ಜಾಗ ಬಿಟ್ಟ ಕಡೆ ಕೆಲಸ ನಡೆಯಿತು. ಬಿಡದ ಕಡೆ ಗಲಾಟೆ ನಡೆಯಿತು.

ಬರುವವರಿಗೆ ನಾಲ್ಕು ಮಾತು

ಬರೋರು ಬರಲಿ, ಬೇಡ ಅನ್ನೋಲ್ಲ. ಆದರೆ ಇದು ಪಾರ್ಕಲ್ಲ, ಜನ ದುಡಿಯುವ ಜಾಗ. 40 ಮಿಲಿಮೀಟರಿಗೆ ಕಡಿಮೆ ಇಲ್ಲದ ಟೈರು ಇರಲಿ, ಗಾಳಿ ಕೊಂಚ ಕಮ್ಮಿ ಇರಲಿ. ಜಾಲಿ ಮುಳ್ಳಿಗೆ ದೊಡ್ಡ ಕಂಪನಿ ಚಿಕ್ಕ ಕಂಪನಿ ಅನ್ನೋ ಭೇದ ಇಲ್ಲ, ಪಂಕ್ಚರ್ ಸಾಮಾನು ಜೊತೆಗಿರಲಿ. ಮಳೆ ಬಿದ್ದ ಮರುದಿನ ಬೇಡ, ಮಣ್ಣು ಚಕ್ರಕ್ಕೆ ಮೆತ್ತಿ ಸೈಕಲ್ಲನ್ನೇ ಹೊರಬೇಕಾದೀತು. ದಾರಿಯೂ ಹಾಳು. ನವೆಂಬರ್, ಡಿಸೆಂಬರ್‌ನಲ್ಲಿ ದಾರಿ ಮೇಲೆ ರಾಗಿ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಮರದ ಮೇಲೆ ಆಳಿದ್ದರೆ ಕೂಗಿ ಹೇಳಿ, ನಿಂತು ಆಮೇಲೆ ದಾಟಿ. ಕಾಯಿ ಹೆಲ್ಮೆಟ್ಟು ನೋಡಿಕೊಂಡು ಬೀಳೋದಿಲ್ಲ. ಚಿರತೆ ಓಡಾಡುವ ಸೀಮೆ ಇದು, ಬೆಳಗಿನ ಜಾವ, ಮುಸ್ಸಂಜೆ ಒಂಟಿಯಾಗಿ ಬೇಡ. ತೋಟದೊಳಗೆ ದಾರಿ ಹೊಕ್ಕರೆ ‘ಯಜಮಾನ್ರೇ, ಹಿಂಗೆ ಹೋಗಬಹುದಾ?’ ಅಂತ ಒಂದು ಮಾತು ಕೇಳಿ. ದಾರಿಯ ಜೊತೆಗೆ ಎಳನೀರೂ ಸಿಕ್ಕೀತು.

ಇದರಿಂದ ಹಳ್ಳಿಗೆ ಹೊನ್ನಿನ ಮಳೆ ಸುರಿಯುತ್ತದೆ ಅಂತ ನಾವು ಬರೆಯೋಲ್ಲ. ನಾಲ್ಕು ಜನ ಟೀ ಕುಡಿದಾರು, ತಟ್ಟೆ ಇಡ್ಲಿ ತಿಂದಾರು, ಅಷ್ಟೇ. ಸೈಕಲ್ ಅಂದರೆ ನಮಗೆ ಮೊದಲು ನೆನಪಾಗಬೇಕಾದ್ದು ಶಾಲೆ ಮಕ್ಕಳು. 2006–07ರಲ್ಲಿ ಶುರುವಾದ, ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಕೊರೊನಾ ಬಂದ ಮೇಲೆ ನಿಂತಿತು. ತೋಟದ ಮನೆಯಿಂದ ಹೈಸ್ಕೂಲಿಗೆ ಬರುವ ಹುಡುಗಿಗೆ ಬಂಡಿ ದಾರಿ ಮುಚ್ಚಿದರೆ ಉಳಿಯುವುದು ಲಾರಿ ಓಡಾಡುವ ಹೈವೇ ಒಂದೇ. ಆ ಮಗುವಿಗೆ ದಾರಿ ಉಳಿದರೆ ಬೆಂಗಳೂರಿನ ಸವಾರನಿಗೂ ಉಳಿಯುತ್ತದೆ, ಕೊಬ್ಬರಿ ಚೀಲಕ್ಕೂ ಉಳಿಯುತ್ತದೆ.

ಕೆಲಸ ದೊಡ್ಡದೇನಲ್ಲ. ಪ್ರತಿ ಗ್ರಾಮ ಪಂಚಾಯಿತಿಯವರು ನಕಾಶೆ ಹಿಡಿದುಕೊಂಡು, ಗ್ರಾಮ ಆಡಳಿತ ಅಧಿಕಾರಿಯನ್ನೂ ಊರಿನ ಹಿರಿಯರನ್ನೂ ಕರೆದುಕೊಂಡು, ವರ್ಷಕ್ಕೊಮ್ಮೆ ದಾರಿಗಳನ್ನು ನಡೆದು ನೋಡಲಿ. ಎರಡು ತುದಿಗೂ ಕಲ್ಲು ನೆಡಲಿ. ಸಾಲು ಒಂದು ಬಂದಾಗಲೇ ತಡೆದರೆ ಮಾತಲ್ಲಿ ಮುಗಿಯುತ್ತದೆ. ತೆಂಗು ಫಲಕ್ಕೆ ಬಂದ ಮೇಲೆ ಕಡಿಯಿರಿ ಅಂದರೆ ಯಾರಪ್ಪ ಕೇಳ್ತಾರೆ?

ಮೂರೂ ತಾಲ್ಲೂಕಿನ ತಹಶೀಲ್ದಾರರು ಇತ್ತ ಒಮ್ಮೆ ಕಣ್ಣು ಹಾಯಿಸುವರೇ? ಜೀಪು ಹೋಗದ ಕಡೆ ಬೇಕಾದರೆ ಸೈಕಲ್ಲಿನಲ್ಲೇ ಬರಲಿ.