ಕಾರಿನ ಫ್ಯೂಸ್ ಹೋದಾಗ: ಚಳಿಗಾಲಕ್ಕೆ ಒಂದಿಷ್ಟು ಉಪಯುಕ್ತ ಮಾಹಿತಿ



ನಮ್ಮ ಮ್ಯಾಂಚೆಸ್ಟರ್ ಕಡೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮಳೆಯಂತೂ ಕೇಳುವುದೇ ಬೇಡ. ವಿದನ್‌ಶಾ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಮನೆಗೆ ಹೊರಡುವವರಿಗೂ, ಊರಿನಿಂದ ಬರುವ ಅಪ್ಪ ಅಮ್ಮನನ್ನು ಕರೆತರಲು ಏರ್‌ಪೋರ್ಟ್‌ಗೆ ಹೋಗುವವರಿಗೂ ವೈಪರ್, ಹೆಡ್‌ಲೈಟ್ ಎರಡೂ ಸರಿಯಿರಲೇಬೇಕು. ಇವು ಇದ್ದಕ್ಕಿದ್ದಂತೆ ನಿಂತುಹೋದರೆ ಗರಾಜಿಗೆ ಫೋನ್ ಮಾಡುವ ಮೊದಲು ಒಮ್ಮೆ ಫ್ಯೂಸ್ ನೋಡಿ. ಹತ್ತು ನಿಮಿಷದ ಕೆಲಸ.

ಫ್ಯೂಸ್ ಹೋಗಿದೆಯೆಂದು ಊಹಿಸುವುದು ಹೇಗೆ? ಒಂದೇ ಒಂದು ದೀಪ ಆರಿದ್ದರೆ ಸಾಮಾನ್ಯವಾಗಿ ಅದು ಬಲ್ಬಿನ ದೋಷ. ರೇಡಿಯೋ, ಒಳಗಿನ ದೀಪ ಹೀಗೆ ಎರಡು ಮೂರು ಒಟ್ಟಿಗೆ ನಿಂತಿದ್ದರೆ ಫ್ಯೂಸ್ ಇರಬಹುದು. ಈ ದೇಶದ ಚಳಿಗಾಲದ್ದೇ ಒಂದು ಕಾರಣವಿದೆ. ರಾತ್ರಿ ವೈಪರ್ ಗಾಜಿಗೆ ಹಿಮಗಟ್ಟಿ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಅವಸರದಲ್ಲಿ ಸ್ವಿಚ್ ಒತ್ತಿದರೆ ಮೋಟರ್ ತಿರುಗಲಾರದೆ ಹೆಚ್ಚು ಕರೆಂಟ್ ಎಳೆದು ಫ್ಯೂಸ್ ಸುಡುತ್ತದೆ. ಆದ್ದರಿಂದ ರಾತ್ರಿ ಕಾರು ನಿಲ್ಲಿಸುವಾಗ ವೈಪರ್ ಸ್ವಿಚ್ ಆಫ್ ಮಾಡಿ. ಇನ್ನೊಂದು ಕಾರಣ ಮಕ್ಕಳಿರುವ ಮನೆಯವರಿಗೆ ಗೊತ್ತಿರುತ್ತದೆ: ಫೋನ್ ಚಾರ್ಜ್ ಮಾಡುವ 12 ವೋಲ್ಟ್ ಸಾಕೆಟ್ಟಿನೊಳಗೆ ಬಿದ್ದ ಐದು ಪೆನ್ಸ್ ನಾಣ್ಯ!

ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡಿನ ಕೆಳಗೋ, ಗ್ಲೋವ್ ಬಾಕ್ಸಿನ ಹಿಂದೋ, ಬಾನೆಟ್ಟಿನ ಒಳಗೋ ಇರುತ್ತದೆ. ಅನೇಕ ಕಾರುಗಳಲ್ಲಿ ಎರಡು ಮೂರು ಕಡೆ ಇರುತ್ತವೆ. ಯಾವ ಫ್ಯೂಸ್ ಯಾವುದಕ್ಕೆ ಎಂಬುದು ಕಾರಿನ ಹ್ಯಾಂಡ್‌ಬುಕ್ಕಿನಲ್ಲಿದೆ, ಕೆಲವು ಕಾರುಗಳಲ್ಲಿ ಮುಚ್ಚಳದ ಒಳಮೈಯಲ್ಲೂ ಚಿತ್ರವಿರುತ್ತದೆ. ಮೊದಲು ಇಂಜಿನ್, ದೀಪ ಎಲ್ಲ ಆಫ್ ಮಾಡಿ, ಕೀ ತೆಗೆದಿಡಿ. ಬಾಕ್ಸಿನಲ್ಲೇ ಸಿಕ್ಕಿಸಿರುವ ಪುಟ್ಟ ಪ್ಲಾಸ್ಟಿಕ್ ಚಿಮಟದಿಂದ ಫ್ಯೂಸನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆಳಕಿಗೆ ಹಿಡಿದರೆ ಒಳಗಿನ ಲೋಹದ ಎಳೆ ಕಾಣುತ್ತದೆ. ತುಂಡಾಗಿದ್ದರೆ ಅಥವಾ ಕಪ್ಪಾಗಿ ಸುಟ್ಟಿದ್ದರೆ ಅದೇ ಕಾರಣ. ಅನುಮಾನವಿದ್ದರೆ ಮಲ್ಟಿಮೀಟರ್ ಇರುವ ಸ್ನೇಹಿತರನ್ನು ಕೇಳಿ. ನಮ್ಮಲ್ಲಿ ಇಂಜಿನಿಯರುಗಳಿಗೇನು ಬರ!

ಈಗ ಮುಖ್ಯ ವಿಷಯ. ಹೊಸ ಫ್ಯೂಸ್ ಅಷ್ಟೇ ಆಂಪಿಯರಿನದು, ಅದೇ ಗಾತ್ರದ್ದು ಆಗಿರಬೇಕು. ಅಂಕಿ ಫ್ಯೂಸಿನ ತಲೆಯ ಮೇಲೇ ಇದೆ. ಸಾಮಾನ್ಯ ಬ್ಲೇಡ್ ಫ್ಯೂಸುಗಳಲ್ಲಿ 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಊರಲ್ಲಿ ಹಿಂದೆ ಪದೇ ಪದೇ ಫ್ಯೂಸ್ ಹೋಗುತ್ತದೆಂದು ಪಿಂಗಾಣಿ ಕ್ಯಾರಿಯರಿಗೆ ದಪ್ಪ ತಂತಿ ಸುತ್ತಿ, ಕೆ.ಇ.ಬಿ. ಲೈನ್‌ಮನ್ ಬಂದಾಗ ಬೈಸಿಕೊಳ್ಳುತ್ತಿದ್ದ ಮನೆಗಳಿದ್ದವು. ಕಾರಿನಲ್ಲಿ ಆ ಜಾಣತನ ಖಂಡಿತ ಬೇಡ. 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ, ಅದರ ತಂತಿಯೂ ಆ ಲೆಕ್ಕಕ್ಕೆ ತಕ್ಕಂತೆ ಸಣ್ಣದು. 10ರ ಜಾಗದಲ್ಲಿ 30 ಹಾಕಿದರೆ, ಅಥವಾ ಅಡಿಗೆಮನೆಯ ಫಾಯಿಲ್ ಸುತ್ತಿದರೆ, ದೋಷ ಬಂದಾಗ ಕಾಯುವುದು ಫ್ಯೂಸ್ ಅಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ತಂತಿ. 12 ವೋಲ್ಟ್ ಮುಟ್ಟಿದರೆ ನಮಗೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಬೆಂಕಿಗೆ ಅಷ್ಟು ಧಾರಾಳವಾಗಿ ಸಾಕು.

ಸ್ಪೇರ್ ಇಲ್ಲದಿದ್ದರೆ, ಸದ್ಯಕ್ಕೆ ಬೇಡದ ಕಡೆಯಿಂದ, ಉದಾಹರಣೆಗೆ ಆ ಚಾರ್ಜಿಂಗ್ ಸಾಕೆಟ್ಟಿನಿಂದ, ಅಷ್ಟೇ ಆಂಪಿಯರಿನ ಫ್ಯೂಸ್ ಎರವಲು ಪಡೆಯಬಹುದು. ಆಂಪಿಯರ್ ಹೊಂದದಿದ್ದರೆ ಬಿಟ್ಟುಬಿಡಿ. ಹಾಲ್ಫೋರ್ಡ್ಸ್‌ನಂಥ ಅಂಗಡಿಗಳಲ್ಲಿ ಬೇರೆ ಬೇರೆ ಅಳತೆಯ ಫ್ಯೂಸುಗಳ ಪ್ಯಾಕೆಟ್ ಕೆಲವೇ ಪೌಂಡಿಗೆ ಸಿಗುತ್ತದೆ. ಒಂದು ತಂದು ಕಾರಿನಲ್ಲಿಡಿ.

ಹೊಸದೂ ಕೂಡಲೇ ಹೋಯಿತೆಂದರೆ ಮೂರನೆಯದನ್ನು ಹಾಕಬೇಡಿ. ಎಲ್ಲೋ ತಂತಿ ಸವೆದು ಶಾರ್ಟ್ ಆಗಿದೆ ಅಥವಾ ಮೋಟರ್ ಕೆಟ್ಟಿದೆ, ಅದನ್ನು ಮೆಕ್ಯಾನಿಕ್ಕೇ ಹುಡುಕಬೇಕು. ಎಂ.ಒ.ಟಿ. ಹತ್ತಿರದಲ್ಲಿದ್ದರೆ ಮುಂದೂಡಲೂ ಬೇಡಿ. ಹೆಡ್‌ಲೈಟ್, ವೈಪರ್, ಹಾರ್ನ್ ಯಾವುದು ಕೆಲಸ ಮಾಡದಿದ್ದರೂ ಫೇಲ್ ಆಗುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರು 12 ವೋಲ್ಟ್ ಫ್ಯೂಸ್ ಬಾಕ್ಸಿನಾಚೆಗೆ ಕೈ ಹಾಕಬಾರದು, ಮುಖ್ಯವಾಗಿ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬಾರದು.

ಇದನ್ನೆಲ್ಲ ಮನೆಯ ಮುಂದೆ ಅಥವಾ ಬೆಳಕಿರುವ ಕಾರ್ ಪಾರ್ಕಿನಲ್ಲಿ ಮಾತ್ರ ಮಾಡಿ. ಎಂ56ನಂಥ ಮೋಟರ್‌ವೇಯಲ್ಲಿ ದೀಪ ಹೋದರೆ ಸಾಧ್ಯವಾದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿಯಿರಿ. ಆಗದಿದ್ದರೆ ಆದಷ್ಟು ಎಡಕ್ಕೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಎಡಬಾಗಿಲಿನಿಂದ ಇಳಿದು ತಡೆಗೋಡೆಯ ಹಿಂದೆ ನಿಂತು ಬ್ರೇಕ್‌ಡೌನ್ ಕಂಪನಿಗೆ ಫೋನ್ ಮಾಡಿ. ಮಕ್ಕಳ ಕೈ ಹಿಡಿದುಕೊಂಡಿರಿ.