ಜರ್ಮನಿಯ ಹೆಸರು, ಶೇಂದ್ರಾದ ಕಾರು

1887ನೆಯ ಇಸವಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕುಗಳ ಮುದ್ರೆಯನ್ನು ಕುರಿತು ಒಂದು ಶಾಸನವನ್ನು ಅಂಗೀಕರಿಸಿತು. ಪರದೇಶದ ವಸ್ತುಗಳನ್ನು ಇಂಗ್ಲೆಂಡಿನವೆಂದು ನಂಬಿಸಿ ಮಾರಕೂಡದು, ತಯಾರಾದ ದೇಶದ ಹೆಸರು ಅವುಗಳ ಮೇಲೆ ಕಾಣಬೇಕು ಎಂಬುದು ಅದರ ಸಾರಾಂಶ. ಅಗ್ಗದ ಜರ್ಮನ್ ಚಾಕು ಕತ್ತರಿಗಳಿಂದ ಗ್ರಾಹಕನು ದೂರವಿರಲೆಂಬುದೇ ಅದರ ಒಳಗಿನ ಉದ್ದೇಶ. ಆದರೆ ಎಚ್ಚರಿಕೆಯಾಗಿ ಹುಟ್ಟಿದ ಆ ಮುದ್ರೆಯೇ ಕಾಲಕ್ರಮದಲ್ಲಿ ಬಿರುದಾಯಿತು. ಇಂದಿಗೂ ಜರ್ಮನಿಯದೆಂದೊಡನೆ ಗ್ರಾಹಕನ ಕೈ ಜೇಬಿನತ್ತ ಸಾಗುತ್ತದೆ.

ಈ ಬಿರುದಿನ ಬೆಲೆಯೆಷ್ಟೆಂಬುದನ್ನು ತಿಳಿಯಲು ಹ್ಯಾಂಬರ್ಗಿಗೆ ಹೋಗಬೇಕಾಗಿಲ್ಲ. ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುವ ಔರಂಗಾಬಾದಿನಿಂದ ಜಾಲನಾ ಮಾರ್ಗವಾಗಿ ಹೊರಟರೆ ಶೇಂದ್ರಾ ಕೈಗಾರಿಕಾ ಪ್ರದೇಶ ಸಿಗುತ್ತದೆ. ಜೆಕ್ ದೇಶದ ಸ್ಕೋಡಾ ಸಂಸ್ಥೆ 2001ರಲ್ಲಿ ಇಲ್ಲಿ ಆಕ್ಟೇವಿಯಾ ಕಾರಿನ ಜೋಡಣೆಯನ್ನು ಆರಂಭಿಸಿತು. ಅದೇ ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಸೇರಿದ ಆಡಿ ಕಾರುಗಳೂ 2007ರಿಂದ ಮುಂದೆ ಇಲ್ಲಿಯೇ ಸಿದ್ಧವಾಗತೊಡಗಿದವು. ಎಂಜಿನ್, ಗೇರುಪೆಟ್ಟಿಗೆ ಮೊದಲಾದ ಭಾಗಗಳು ಹಡಗಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಮರಾಠವಾಡದ ಕಾರ್ಮಿಕರ ಕೈಯಲ್ಲಿ ಕಾರಾಗುತ್ತವೆ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಸಿಕೆಡಿ ಎಂದು ಹೆಸರು.

ಇಷ್ಟು ಶ್ರಮವೇಕೆಂದರೆ ಉತ್ತರ ಸುಂಕದ ಪಟ್ಟಿಯಲ್ಲಿದೆ. ಐವತ್ತು ಲಕ್ಷ ರೂಪಾಯಿ ಆಮದು ಮೌಲ್ಯದ ಕಾರೊಂದನ್ನು ಊಹಿಸಿಕೊಳ್ಳೋಣ. 2024ರಲ್ಲಿದ್ದ ದರದಂತೆ, ಇಡಿಯ ಕಾರಾಗಿ ಬಂದರೆ ಶೇಕಡ 100, ಅಂದರೆ ಮತ್ತೆ ಐವತ್ತು ಲಕ್ಷ ಸುಂಕ. ಸಿಕೆಡಿಯಾಗಿ ಬಂದರೆ ಶೇಕಡ 30ರ ಲೆಕ್ಕದಲ್ಲಿ ಹದಿನೈದು ಲಕ್ಷ. ಬರಿಯ ಬಿಡಿಭಾಗಗಳೆಂದು ಬಂದರೆ ಶೇಕಡ 5ರಿಂದ 15ರ ಲೆಕ್ಕದಲ್ಲಿ ಎರಡೂವರೆಯಿಂದ ಏಳೂವರೆ ಲಕ್ಷ ಮಾತ್ರ. ವಸ್ತು ಒಂದೇ, ಅದು ಎಲ್ಲಿ ಕಾರಾಯಿತೆಂಬುದರ ಮೇಲೆ ಬೆಲೆ ನಿಂತಿದೆ.

ಹಾಗಾದರೆ ಬಿಡಿಭಾಗಗಳು ಯಾವ ಘಟ್ಟದಲ್ಲಿ ಕಾರೆನಿಸಿಕೊಳ್ಳುತ್ತವೆ? ಈ ಪ್ರಶ್ನೆ ವೇದಾಂತದ್ದಲ್ಲ, ಸುಮಾರು 140 ಕೋಟಿ ಡಾಲರುಗಳದ್ದು. ಶೇಂದ್ರಾದಲ್ಲಿ ಜೋಡಿಸಿದ ಕೆಲವು ಮಾದರಿಗಳ ಭಾಗಗಳನ್ನು ಬೇರೆ ಬೇರೆ ರವಾನೆಗಳಲ್ಲಿ ತರಿಸಿ ಕಡಿಮೆ ಸುಂಕ ತೆರಲಾಗಿದೆಯೆಂದು ಆರೋಪಿಸಿ, ಕಸ್ಟಮ್ಸ್ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಅಷ್ಟು ಮೊತ್ತಕ್ಕೆ ನೋಟೀಸು ಕೊಟ್ಟಿತು. ಸಂಸ್ಥೆ ಆರೋಪವನ್ನು ಒಪ್ಪದೆ 2025ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ಕೊಳ್ಳುವವನ ಮನಸ್ಸಿನಲ್ಲಾದರೋ ಲೆಕ್ಕ ಬೇರೆ. ಸಾಲದ ಅರ್ಜಿ ಹಿಡಿದು ಬರುವವನು 'ಜರ್ಮನ್ ಕಾರು' ಎನ್ನುತ್ತಾನೆಯೇ ಹೊರತು 'ಶೇಂದ್ರಾದ ಕಾರು' ಎನ್ನುವುದಿಲ್ಲ. ಇದಕ್ಕೆ ಪ್ರತಿಯಾದ ಉದಾಹರಣೆ ಸಂಗೀತದಲ್ಲಿದೆ. ಅಮೆರಿಕದ ಪ್ರಸಿದ್ಧ ಮಾರ್ಟಿನ್ ಗಿಟಾರುಗಳಿಗೆ 1969ರಿಂದ ಬ್ರೆಜಿಲಿನ ಮರದ ಬದಲಾಗಿ ಭಾರತದ ಬೀಟೆ ಬಂದಿತು. ಮಲೆನಾಡಿಗರಿಗೆ ಚಿರಪರಿಚಿತವಾದ ಮರಜಾತಿಯೇ ಅದು. ಆದರೆ ಆ ವಾದ್ಯವನ್ನು ಯಾರೂ ಭಾರತದ ಗಿಟಾರೆನ್ನಲಿಲ್ಲ!

ಹೆಸರಿಗೆ ಹೆಚ್ಚು ಹಣ ತೆತ್ತರೆ ನಷ್ಟ ಜೇಬಿಗೆ ಮಾತ್ರ. ಹೆಸರನ್ನು ನಂಬಿ ಉಳಿದುದನ್ನು ವಿಚಾರಿಸದಿದ್ದರೆ ನಷ್ಟ ದೇಹಕ್ಕೆ. ಡೀಸೆಲ್ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಶ್ವಾಸನಾಳವನ್ನು ಕೆರಳಿಸಿ ಉಬ್ಬಸವನ್ನು ಉಲ್ಬಣಗೊಳಿಸುತ್ತವೆ. ಪರೀಕ್ಷೆಯ ವೇಳೆಯಲ್ಲಿ ಮಾತ್ರ ಈ ಅನಿಲಗಳನ್ನು ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಸಂಸ್ಥೆ ಅಳವಡಿಸಿದ್ದುದು 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲಿಯೂ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯುವುದಾಗಿ ಸಂಸ್ಥೆ ಪ್ರಕಟಿಸಿತು. ಸ್ಕೋಡಾ, ಆಡಿ ಹೆಸರಿನವೂ ಅವುಗಳಲ್ಲಿದ್ದವು. ದೋಷವು ಶೇಂದ್ರಾದ ಕಾರ್ಮಿಕನ ಸ್ಪ್ಯಾನರಿನಿಂದ ಬಂದುದಲ್ಲ. ಬಿರುದು ಹೊತ್ತ ನಾಡಿನಿಂದಲೇ ಬಂದಿತ್ತು.

ಅದಕ್ಕೂ ಮುಂಚೆ, 2014ರ ಜನವರಿಯಲ್ಲಿ, ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆ ಭಾರತದ ಕೆಲವು ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಇದೇ ಸಮೂಹದ ಪೋಲೋ ಕಾರು ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುತ್ತಿತ್ತು. ಗಾಳಿಚೀಲಗಳಿಲ್ಲದ ಪೋಲೋಗೆ ವಯಸ್ಕರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಎರಡು ಗಾಳಿಚೀಲಗಳಿದ್ದ ಪೋಲೋಗೆ ನಾಲ್ಕು. ಕಾರ್ಖಾನೆ ಒಂದೇ, ಒಡಲು ಒಂದೇ, ಲಾಂಛನವೂ ಒಂದೇ. ಗಾಳಿಚೀಲವಿಲ್ಲದ ಮಾದರಿಯನ್ನು ಸಂಸ್ಥೆ ಬಳಿಕ ಹಿಂತೆಗೆದುಕೊಂಡಿತು. ಚಾಲಕನ ಗಾಳಿಚೀಲ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. 2023ರ ಅಕ್ಟೋಬರಿನಿಂದ ಭಾರತದ್ದೇ ಆದ ಡಿಕ್ಕಿ ಪರೀಕ್ಷೆಯೂ ಜಾರಿಗೆ ಬಂದಿತು. ಆದರೆ ಅದನ್ನು ತಯಾರಕರ ಇಚ್ಛೆಗೆ ಬಿಟ್ಟುದರಿಂದ, ಮಳಿಗೆಗೆ ಹೋದವರು ಕಾರು ಯಾವ ದೇಶದ್ದೆಂಬುದಕ್ಕೆ ಮೊದಲು ಅದಕ್ಕೆ ದೊರೆತ ನಕ್ಷತ್ರಗಳೆಷ್ಟೆಂದು ತಾವಾಗಿಯೇ ಕೇಳಬೇಕಾಗುತ್ತದೆ.